ಜಲ್ಲಿ ಮಾಷ್ಟ್ರು ನಡೆದು ದಾಟಿದ ಏರಿ

ಜಲ್ಲಿ ಮಾಷ್ಟ್ರು ತೀರಿಕೊಂಡ ಸುದ್ದಿ ನನಗೆ ಸಿಕ್ಕಿದ್ದು ಪುತ್ತೂರಿನ ಬಸ್‌ ಸ್ಟ್ಯಾಂಡಿನಲ್ಲಿ, ಸುಳ್ಯದ ಬಸ್ಸಿಗೆ ಕಾಯುತ್ತಿದ್ದಾಗ. ಹಿಂದೆ ಅವರ ಕೈಕೆಳಗೆ ಕೆಲಸಕ್ಕಿದ್ದವರೊಬ್ಬರು ದಾಟಿ ಹೋದವರು ಹಿಂದೆ ತಿರುಗಿ ಬಂದು, "ಟೀಚರ್, ನಿಮಗೆ ಗೊತ್ತಾಯ್ತಾ? ನಮ್ಮ ಮಾಷ್ಟ್ರು ಹೋದ್ರು" ಎಂದರು. ಯಾವ ಮಾಷ್ಟ್ರು ಎಂದು ನಾನು ಕೇಳಲಿಲ್ಲ. ನಮ್ಮ ಸೀಮೆಯಲ್ಲಿ ಕಲ್ಲೆಸೆದರೆ ಮಾಷ್ಟ್ರಿಗೇ ತಾಗಬೇಕು, ಅಷ್ಟು ಮಂದಿ ಇದ್ದಾರೆ. ಆದರೆ ನನಗೆ ಹೆಸರು ಹೇಳದೆ ಅರ್ಥವಾಗುವ ಮಾಷ್ಟ್ರು ಒಬ್ಬರೇ. ಸುಳ್ಯದ ಬಸ್ಸು ಬಂತು, ಹೋಯಿತು. ನಾನು ಹತ್ತಲಿಲ್ಲ. ಅಲ್ಲೇ ಕಟ್ಟೆಯ ಮೇಲೆ ಕುಳಿತು, ನನ್ನ ಹಳೆಯ ವಿದ್ಯಾರ್ಥಿನಿಯರು ಯಾರಾದರೂ ನೋಡಿಯಾರು ಎಂಬ ಪರಿವೆಯೂ ಇಲ್ಲದೆ ಅತ್ತೆ.

ನಿಜಕ್ಕೂ ಅವರು ಯಾವ ಶಾಲೆಯ ಮಾಷ್ಟ್ರೂ ಆಗಿರಲಿಲ್ಲ. ರಸ್ತೆ ಇಲಾಖೆಯಲ್ಲಿ ಕಿರಿಯ ಇಂಜಿನಿಯರ್. ಪುತ್ತೂರು ಪೇಟೆ ಮುಗಿಯುವಲ್ಲಿ ಒಂದು ತಗಡಿನ ಶೆಡ್ಡು ಇತ್ತು. ರಸ್ತೆಯ ಅಡಿಗೆ ಹಾಕುವ ಜಲ್ಲಿ ಎಷ್ಟು ಭಾರ ತಡೆಯುತ್ತದೆ ಎಂದು ನೋಡುವುದು ಆ ಶೆಡ್ಡಿನ ಕೆಲಸ. ಅದಕ್ಕೆ ಇವರೇ ಯಜಮಾನರು. ಅರವತ್ತರ ದಶಕದ ಮೊದಲ ವರ್ಷಗಳು ಅವು. ನಾನು ಅಜ್ಜಾವರದಿಂದ ಬಂದು ಪುತ್ತೂರಿನ ಹುಡುಗಿಯರ ಶಾಲೆಯಲ್ಲಿ ಲೆಕ್ಕ ಕಲಿಸುತ್ತಿದ್ದೆ. ಅಮ್ಮನೂ ನಾನೂ ಇದ್ದ ಬಾಡಿಗೆ ಮನೆಗೂ ಅವರ ಮನೆಗೂ ಒಂದೇ ಗೋಡೆ.

ಮಾಷ್ಟ್ರು ಎಂಬ ಹೆಸರು ಬಂದದ್ದು ಅವರ ಬಾಯಿಯಿಂದಾಗಿ. ಸಿಕ್ಕಿದವರಿಗೆ ಕಲಿಸದೆ ಬಿಡುವ ಜನ ಅವರಲ್ಲ. ಹಾಲಿನವನಿಗೂ ಕಲಿಸುತ್ತಿದ್ದರು, ಅಂಚೆಯವನಿಗೂ ಕಲಿಸುತ್ತಿದ್ದರು. ಹಾಲಿನವ ತಂಬಿಗೆ ಕೆಳಗಿಟ್ಟು, "ನನಗೆ ಹೊತ್ತಾಯ್ತು ಮಾರಾಯ್ರೆ, ಜಲ್ಲಿ ನಾಳೆ ಹೇಳಿ" ಎಂದು ಕೈಮುಗಿಯುವುದನ್ನು ನಾನೇ ನೋಡಿದ್ದೇನೆ. ಮಾತಾಡುವಾಗ ಹೆಬ್ಬೆರಳಿಗೆ ಎರಡು ಬೆರಳು ಸೇರಿಸಿ ಉಜ್ಜುತ್ತಿದ್ದರು, ಬೆರಳುಗಳ ನಡುವೆ ಹರಳು ಇದ್ದರೂ ಇಲ್ಲದಿದ್ದರೂ. ಯಾರಾದರೂ ಊರಿಗೆ ಹೊರಟರೆ ಉಳಿದವರು ಸೌತೆಕಾಯಿಯೋ ಹಪ್ಪಳವೋ ತರಲು ಹೇಳುತ್ತಾರೆ. ಇವರು ಒಂದು ಬಟ್ಟೆಯ ಚೀಲ ಕೊಟ್ಟು, "ನಿಮ್ಮ ಗುಡ್ಡೆಯದ್ದು ಒಂದು ಬೊಗಸೆ ಹಾಕ್ಕೊಂಡು ಬನ್ನಿ" ಎನ್ನುತ್ತಿದ್ದರು. ಅಜ್ಜಾವರದಿಂದ ನಾನು ಹೊತ್ತು ತಂದ ಜಲ್ಲಿಗೆ ಲೆಕ್ಕವಿಲ್ಲ. "ಅಲ್ಲಿ ಗುಡ್ಡೆ ಮುಗಿದೀತು, ಇಲ್ಲಿ ಬುದ್ಧಿ ಬಾರದು" ಎಂದು ಅಮ್ಮ ಗೊಣಗುತ್ತಿದ್ದಳು.

ಅವರಿಗೊಂದು ಹುಚ್ಚಿತ್ತು. ನಮ್ಮ ಕಡೆಯ ಕೆಂಪು ಮುರದ, ಅಂದರೆ ಜಂಬಿಟ್ಟಿಗೆ ಕಲ್ಲಿನ, ಜಲ್ಲಿಗೆ ಒಂದು ಲೆಕ್ಕ ಕಟ್ಟಬೇಕು, ಇದು ಆ ಹುಚ್ಚು. ದೊಡ್ಡ ಹರಳು ಎಷ್ಟು, ಸಣ್ಣದು ಎಷ್ಟು, ಹುಡಿ ಎಷ್ಟು, ಎಷ್ಟು ಬಿಗಿಯಾಗಿ ಕುಟ್ಟಿದೆ ಎಂದು ತಿಳಿದರೆ ಸಾಕು, ಅದರ ಮೇಲೆ ಎಷ್ಟು ಭಾರ ಹೋಗಬಹುದೆಂದು ಕಾಗದದ ಮೇಲೆಯೇ ಹೇಳುವಂತಿರಬೇಕು. "ಪರದೇಶದವರ ಪುಸ್ತಕದಲ್ಲಿ ಅವರವರ ಕಲ್ಲಿನ ಲೆಕ್ಕ ಉಂಟು ಟೀಚರ್. ನಮ್ಮ ಮುರದ್ದು ಯಾರು ಬರೀತಾರೆ? ಇವತ್ತು ರಸ್ತೆ. ನಾಳೆ ರೈಲು ಬರ್ತದೆ, ಅದರ ಅಡಿಗೆ ಹಾಕುದೂ ಇದನ್ನೇ ಅಲ್ವಾ?" ರೈಲು ಬರುವ ಸುದ್ದಿ ಆಗ ಊರಿಡೀ ಹಬ್ಬಿತ್ತು.

ಇದನ್ನು ನನ್ನ ತರಗತಿಗೆ ಬಂದು ಹುಡುಗಿಯರಿಗೂ ತೋರಿಸಿದ್ದರು. ಒಂದು ಬದಿಗೆ ಗಾಜು ಕೂರಿಸಿದ ಮರದ ಪೆಟ್ಟಿಗೆ. ಒಳಗೆ ಜಲ್ಲಿಯ ಬದಲು ಒಣ ಅಡಿಕೆ. ಸಂದುಗಳಿಗೆ ಸ್ವಲ್ಪ ಮರಳು. ಮೇಲೊಂದು ಹಲಗೆಯಿಟ್ಟು ತರಗತಿಯ ಎಲ್ಲರಿಗಿಂತ ದಪ್ಪಗಿದ್ದ ಹುಡುಗಿಯನ್ನು ನಿಲ್ಲಿಸಿದರು. ಅಡಿಕೆ ಜಗ್ಗಲಿಲ್ಲ. ಆಮೇಲೆ ಅದೇ ಪೆಟ್ಟಿಗೆಗೆ ಅಡಿಕೆ ಕಡಿಮೆ, ಮರಳು ಜಾಸ್ತಿ ಹಾಕಿ, ಒಂದು ಚೆಂಬು ನೀರು ಹೊಯ್ದು ಅವಳನ್ನೇ ನಿಲ್ಲಿಸಿದರು. ಹಲಗೆ ವಾಲಿತು, ಹುಡುಗಿ ಕಿರುಚಿದಳು. "ನೋಡಿ ಮಕ್ಕಳೇ, ಅಡಿಕೆಗೆ ಅಡಿಕೆ ತಾಗಿಕೊಂಡಿದ್ರೆ ಭಾರ ಹೊರ್ತದೆ. ಹುಡಿ ಹೆಚ್ಚಾಯ್ತಾ, ಒಂದಕ್ಕೊಂದು ತಾಗುದಿಲ್ಲ. ಹುಡಿಯಲ್ಲಿ ತೇಲ್ತದೆ, ಅಷ್ಟೆ." ಲೆಕ್ಕವೆಂದರೆ ಹೊಟ್ಟೆನೋವು ಬರುತ್ತಿದ್ದ ಹುಡುಗಿಯರು ಆ ದಿನ ಬೆಲ್ ಹೊಡೆದರೂ ಏಳಲಿಲ್ಲ.

ಶೆಡ್ಡಿನಲ್ಲಿ ಅವರು ಮಾಡುತ್ತಿದ್ದದ್ದೂ ಇಂಥದೇ. ಕಬ್ಬಿಣದ ಅಚ್ಚಿನೊಳಗೆ ಜಲ್ಲಿ ತುಂಬಿ ಗುದ್ದಲಿಕ್ಕೆಂದೇ ಇದ್ದ ಕಬ್ಬಿಣದ ದಿಮ್ಮಿಯಿಂದ ಕುಟ್ಟುವುದು, ನೀರಲ್ಲಿ ನೆನೆಸಿಡುವುದು, ಆಮೇಲೆ ಯಂತ್ರದಲ್ಲಿ ಒತ್ತಿ ಎಷ್ಟು ಭಾರಕ್ಕೆ ಸೋಲುತ್ತದೆಂದು ನೋಡುವುದು. ನೋಡಿಯಾದ ಮೇಲೆ ಆ ಜಲ್ಲಿಯನ್ನು ಬಿಸಾಡುತ್ತಿರಲಿಲ್ಲ. ಬಿಡಿಸಿ, ಒಣಗಿಸಿ, ಮತ್ತೆ ಅದನ್ನೇ ಕುಟ್ಟುತ್ತಿದ್ದರು. ಬೇರೆ ಬೇರೆ ಬಿಗಿಯಲ್ಲಿ, ಬೇರೆ ಬೇರೆ ನೀರಿನಲ್ಲಿ, ಆದರೆ ಅದೇ ಜಲ್ಲಿ. "ಪರೀಕ್ಷೆಗೆ ಕೂತ ಮಕ್ಕಳಿಗೆಲ್ಲ ಒಂದೇ ಪ್ರಶ್ನೆಪತ್ರಿಕೆ ಕೊಡುದಲ್ವಾ ನೀವು? ಹಾಗೆ. ಪ್ರತಿ ಸಲ ಬೇರೆ ಜಲ್ಲಿ ಹಾಕಿದ್ರೆ ನ್ಯಾಯ ಆಗುದಿಲ್ಲ" ಎನ್ನುತ್ತಿದ್ದರು. ಅವರ ಇಡೀ ಸ್ವಭಾವ ಈ ಮಾತಿನಲ್ಲಿತ್ತು. ತೂಗುವಾಗ ಉಸಿರು ಬಿಗಿಹಿಡಿಯುವ, ಬಸ್ಸಿನಲ್ಲಿ ತನ್ನ ಸೀಟಿನ ಗೆರೆ ದಾಟಿ ಕೂರದ ಮನುಷ್ಯ.

ಅವರ ಹೆಂಡತಿ ಪೆರಾಬೆಯವಳು. ಹೆಣ್ಣು ನೋಡಲು ಹೋದ ದಿನ ಇವರು ಅಂಗಳದಲ್ಲೇ ಕುಕ್ಕರುಗಾಲಲ್ಲಿ ಕುಳಿತು, ಮನೆಯ ಹಿಂದಿನ ಗುಡ್ಡೆಯಿಂದ ತಂದು ಹಾಸಿದ ಜಲ್ಲಿಯನ್ನು ಬೆರಳಲ್ಲಿ ಉಜ್ಜುತ್ತಾ ಇದ್ದುಬಿಟ್ಟರಂತೆ. ಒಳಗೆ ಉಪ್ಪಿಟ್ಟು ಆರುತ್ತಿತ್ತು. ಅಂಗಳವೇ ಹಿಡಿಸಲಿಲ್ಲವೋ ಏನೋ ಎಂದು ಹುಡುಗಿಯ ತಂದೆ ಹೆದರಿದರು. "ನನ್ನನ್ನು ನೋಡಿದ್ದು ಆಮೇಲೆ ಅಕ್ಕಾ. ಮೊದಲು ಒಪ್ಪಿಗೆಯಾದದ್ದು ನಮ್ಮ ಗುಡ್ಡೆ" ಎಂದು ಅವಳು ನನ್ನ ಹತ್ತಿರ ಹೇಳಿ ಸೆರಗು ಬಾಯಿಗಿಟ್ಟು ನಗುತ್ತಿದ್ದಳು. ನನಗಿಂತ ಆರೇಳು ವರ್ಷ ಚಿಕ್ಕವಳು. ಸಂಜೆ ನಮ್ಮ ಜಗಲಿಗೆ ಬಂದು ಮಲ್ಲಿಗೆ ಕಟ್ಟುತ್ತಾ ಕೂರುತ್ತಿದ್ದಳು. ಗಂಡನ ಲೆಕ್ಕ ಅವಳಿಗೆ ಅರ್ಥವಾಗುತ್ತಿತ್ತೋ ಇಲ್ಲವೋ, ಗಂಡ ಮಾತ್ರ ಅರ್ಥವಾಗಿದ್ದ. "ಅವರು ಸುಮ್ಮನೆ ಒಂದು ಮಾತು ಹೇಳುವವರಲ್ಲ" ಎನ್ನುವುದು ಅವಳ ಹೆಮ್ಮೆ. ಆ ಮಾತನ್ನು ನಾನು ಇನ್ನೊಮ್ಮೆ ಬರೆಯಬೇಕಾಗಿದೆ.

ಆಲಂಕಾರಿನ ಕಡೆಯಿಂದ ಪೆರಾಬೆಯ ಒಳಗೆ ಅವಳ ತವರಿನ ದಾರಿಗೆ ಆ ವರ್ಷ ಹೊಸ ರಸ್ತೆಯಾಯಿತು. ನಡುವೆ ಒಂದು ಅಗಲವಾದ ಗದ್ದೆಬಯಲು ಇತ್ತು. ಅದನ್ನು ದಾಟಲು ಮುರದ ಜಲ್ಲಿ ತುಂಬಿ ಉದ್ದಕ್ಕೂ ಏರಿ ಕಟ್ಟಿದರು. ಜಲ್ಲಿ ಬಂದದ್ದು ಅವಳ ಅಪ್ಪನ ಅದೇ ಗುಡ್ಡೆಯಿಂದ. ಮಳೆಗಾಲಕ್ಕೆ ಮೊದಲು ಗಾಡಿ ಬಿಡಬಹುದೇ ಎಂದು ಹೇಳಬೇಕಾದವರು ನಮ್ಮ ಮಾಷ್ಟ್ರು. ಅವರ ಶೆಡ್ಡಿನ ಲೆಕ್ಕ ಹೇಳಿತು, ಬೇಡ. ಒಣಗಿದ್ದಾಗ ಪರವಾಗಿಲ್ಲ, ನೆನೆದರೆ ಈ ಜಲ್ಲಿಗೆ ಬಲವಿಲ್ಲ, ಮಳೆಗಾಲ ಮುಗಿಯುವ ತನಕ ಏರಿಯ ಮೇಲೆ ಯಾವ ಮೋಟಾರು ಗಾಡಿಯೂ ಹೋಗಬಾರದು. ಏರಿಯ ಆಲಂಕಾರು ಬದಿಗೆ ಬಿದಿರಿನ ತಡಮೆ ಕಟ್ಟಿ ದಾರಿ ಮುಚ್ಚಿದರು.

ಜನ ಬೈದರು. ಮೇಲಿನವರೂ ಸ್ವಲ್ಪ ಒತ್ತಿ ನೋಡಿದರು. ಆಲಂಕಾರಿನ ಅಂಗಡಿಯಲ್ಲಿ ಯಾರೋ ಅವರ ಮುಖಕ್ಕೇ, "ಹೆಂಡತಿ ಮನೆಗೆ ಹೋಗುವ ದಾರಿಯನ್ನೇ ಮುಚ್ಚಿದ ಗಂಡಸು ನೀವೊಬ್ಬರೇ ಇರ್ಬೇಕು ಮಾರಾಯ್ರೆ" ಎಂದರಂತೆ. ಇವರು ನಕ್ಕರು, ಬಗ್ಗಲಿಲ್ಲ. ನನಗಂತೂ ಅವರ ಬಗ್ಗೆ ಹೆಮ್ಮೆಯೆನಿಸಿತ್ತು. ಸ್ವಂತದವರಿಗೂ ಒಂದೇ ತಕ್ಕಡಿ ಹಿಡಿಯುವವರು ಎಷ್ಟು ಮಂದಿ ಸಿಗುತ್ತಾರೆ?

ಅವಳು ಚೊಚ್ಚಲ ಬಸುರಿ. ರೂಢಿಯಂತೆ ಸೀಮಂತ ಮುಗಿಸಿ ತವರಿಗೆ ಹೋದಳು. ಹೋಗುವ ದಿನ ನನ್ನ ಕೈಗೆ ಮಲ್ಲಿಗೆ ಗಿಡದ ಜವಾಬ್ದಾರಿ ಕೊಟ್ಟು, "ನೀರು ಜಾಸ್ತಿ ಹಾಕ್ಬೇಡಿ ಅಕ್ಕಾ, ಇವರ ಜಲ್ಲಿಯ ಹಾಗೆ ಕೊಳೀತದೆ" ಎಂದಳು. ಅಂಥ ತಮಾಷೆಯ ಹುಡುಗಿ.

ನಡುಮಳೆಗಾಲದ ಆಟಿ ತಿಂಗಳ ಮಳೆ. ನೋವು ಬಂದು ಒಂದು ರಾತ್ರಿ ಕಳೆದರೂ ಹೆರಿಗೆಯಾಗಲಿಲ್ಲ, ರಕ್ತ ಹೋಗತೊಡಗಿತು. ಸೂಲಗಿತ್ತಿ ನನ್ನ ಕೈಲಿ ಆಗುವುದಿಲ್ಲ, ಪುತ್ತೂರಿನ ಆಸ್ಪತ್ರೆಗೆ ಕೊಂಡುಹೋಗಿ ಎಂದಳು. ಬೆಳಗಾಗುತ್ತಲೇ ಅವಳ ಅಪ್ಪ ಆಲಂಕಾರಿಗೆ ಓಡಿ ಒಂದು ಜೀಪು ಹಿಡಿದರು. ಜೀಪು ತಡಮೆಯ ತನಕ ಬಂತು. ಅಲ್ಲಿಂದ ಮನೆಗೆ ಎರಡು ಮೈಲಿ, ಹೊಸ ರಸ್ತೆ, ಜೀಪಿಗೆ ಹತ್ತು ನಿಮಿಷದ ದಾರಿ. ಡ್ರೈವರ್ ಇಳಿದು ತಡಮೆಯ ಬಿದಿರಿಗೆ ಕೈ ಹಾಕಿದ.

"ಎಂತ ಆಗುದಿಲ್ಲ, ಕೂತ್ಕೊಳ್ಳಿ. ಅಂಗಳಕ್ಕೇ ತರ್ತೇನೆ" ಎಂದ.

ಮುದುಕರು ಅವನ ಕೈ ಹಿಡಿದುಕೊಂಡರು. "ಬೇಡ. ಅಳಿಯಂದಿರು ಬೇಡ ಅಂದಿದ್ದಾರೆ. ಬರುವಾಗ ಮಗಳು ಇರ್ತಾಳೆ ಒಳಗೆ. ಕುಸಿದ್ರೆ?"

ಜೀಪನ್ನು ಅಲ್ಲೇ ನಿಲ್ಲಿಸಿ ಮುದುಕರು ಎರಡು ಮೈಲಿ ಹಿಂದೆ ಓಡಿದರು. ಆಳುಗಳನ್ನು ಕೂಡಿಸಿ, ಮಂಚಕ್ಕೆ ಬಿದಿರು ಕಟ್ಟಿ, ಮೇಲೆ ಮಳೆಗೆ ಓಲೆಯ ಗೊರಬೆ ಮುಚ್ಚಿ ಮಗಳನ್ನು ಹೊರಿಸಿದರು. ಯಾಕೆ ಜೀಪು ಬರಲಿಲ್ಲ ಎಂದು ಅವಳಿಗೆ ಹೇಳಿದಾಗ, ಅವಳು ಆ ನೋವಿನಲ್ಲೂ ತಲೆಯಾಡಿಸಿ, "ಒಳ್ಳೇದಾಯ್ತು ಅಪ್ಪಾ. ಅವರು ಸುಮ್ಮನೆ ಒಂದು ಮಾತು ಹೇಳುವವರಲ್ಲ" ಎಂದಳಂತೆ. ಜಾರುವ ದಾರಿಯಲ್ಲಿ ಮಂಚ ತಡಮೆ ಮುಟ್ಟುವಾಗ ಮಧ್ಯಾಹ್ನ. ಪುತ್ತೂರು ಮುಟ್ಟುವ ಮೊದಲೇ ಅವಳು ಹೋದಳು. ಮಗುವೂ ಉಳಿಯಲಿಲ್ಲ. ಇನ್ನೊಂದು ತಾಸು ಮೊದಲು ತಂದಿದ್ದರೆ ಎಂದು ಆಸ್ಪತ್ರೆಯಲ್ಲಿ ಡಾಕ್ಟರು ಹೇಳುವಾಗ ನಾನು ಅಲ್ಲೇ ಇದ್ದೆ. ಮಾಷ್ಟ್ರು ಗೋಡೆಗೆ ಒರಗಿ ನಿಂತು ಕೇಳಿಸಿಕೊಂಡರು. ಬೆರಳುಗಳು ಉಜ್ಜುತ್ತಲೇ ಇದ್ದವು.

ಆಗ ಅವರಿಗೆ ಒಂದು ಸಮಾಧಾನವಿತ್ತು ಎಂದು ಈಗ ಹೇಳಬಲ್ಲೆ. ವಿಧಿ ಕೆಟ್ಟದು, ಆದರೆ ತಾನು ಹೇಳಿದ್ದು ಸತ್ಯ. ಜೀಪು ಬಂದಿದ್ದರೆ ಏರಿಯೂ ಕುಸಿದು ಅವಳ ಜೊತೆ ಅಪ್ಪನೂ ಹೋಗುತ್ತಿದ್ದರು. ಆ ಸಮಾಧಾನವನ್ನು ಹಿಡಿದುಕೊಂಡೇ ಅವರು ಕ್ರಿಯೆ ಮುಗಿಸಿ ಬಂದು ಶೆಡ್ಡಿನ ಬೀಗ ತೆಗೆದರು.

ಆ ಸಮಾಧಾನ ನವರಾತ್ರಿಯವರೆಗೆ ಉಳಿಯಿತು. ಅದುವರೆಗೆ ಕುಟ್ಟಿ ನೋಡುತ್ತಿದ್ದ ಜಲ್ಲಿಯ ರಾಶಿಯ ಮೇಲೆ ಶೆಡ್ಡಿನ ಮಾಡು ಸೋರಿ ಕೆಸರಾದ್ದರಿಂದ ಆಳುಗಳು ಅದನ್ನು ಎತ್ತಿ ಹಾಕಿ, ಪೆರಾಬೆಯ ಗುಡ್ಡೆಯಿಂದಲೇ ಹೊಸ ಜಲ್ಲಿ ತಂದರು. ಮಾಷ್ಟ್ರು ಅದನ್ನು ಕುಟ್ಟಿ, ನೆನೆಸಿ, ಒತ್ತಿದರು. ಮೊದಲಿಗಿಂತ ಎಷ್ಟೋ ಹೆಚ್ಚು ಬಲ ಬಂತು. ಯಂತ್ರ ಕೆಟ್ಟಿದೆ ಎಂದುಕೊಂಡರು. ಅದೇ ಜಲ್ಲಿಯನ್ನು ಬಿಡಿಸಿ ಇನ್ನೊಮ್ಮೆ ಕುಟ್ಟಿ ಒತ್ತಿದರು. ಬಲ ಇಳಿಯಿತು. ಮತ್ತೊಮ್ಮೆ ಮಾಡಿದರು. ಇನ್ನೂ ಇಳಿಯಿತು.

ಆ ಸಂಜೆ ಅವರು ನಮ್ಮ ಜಗಲಿಗೆ ಬಂದು ನನ್ನೆದುರು ಅಂಕಿಗಳನ್ನಿಟ್ಟು, "ಟೀಚರ್, ಇದೊಂದು ಗೆರೆ ಎಳೆದು ಕೊಡಿ. ನನ್ನ ಕೈ ನಿಲ್ಲುದಿಲ್ಲ" ಎಂದರು. ನಾನು ಚೌಕಳಿ ಕಾಗದದಲ್ಲಿ ಚುಕ್ಕಿಯಿಟ್ಟು ಗೆರೆ ಎಳೆದೆ. ಮೇಲಿಂದ ಕೆಳಕ್ಕೆ, ಮೆಟ್ಟಿಲು ಇಳಿದ ಹಾಗೆ ಇಳಿಯಿತು. ಏನು ಇದು ಎಂದು ಕೇಳಿದೆ.

"ನಮ್ಮ ಮುರ ಮೆದು ಕಲ್ಲು. ಕುಟ್ಟಿದಾಗೆಲ್ಲ ಹರಳು ಒಡೀತದೆ, ಹುಡಿ ಆಗ್ತದೆ" ಎಂದರು. "ರಸ್ತೆಯಲ್ಲಿ ಅದನ್ನು ಒಂದೇ ಸಲ ಕುಟ್ಟುದು. ನಾನು ಇಲ್ಲಿ ಎಷ್ಟು ಸಲ ಕುಟ್ಟಿದ್ದೇನೋ. ನನ್ನ ರಾಶಿಯಲ್ಲಿ ಇದ್ದದ್ದು ಜಲ್ಲಿ ಅಲ್ಲ ಟೀಚರ್, ಹುಡಿ. ನೀವು ನೋಡಿದ್ದೀರಲ್ಲ, ಮರಳು ಜಾಸ್ತಿಯಾದ ಪೆಟ್ಟಿಗೆ." ಗೆರೆಯ ಕಾಗದವನ್ನು ಕೈಗೆತ್ತಿಕೊಂಡು ಹೇಳಿದರು, "ಏರಿ ಗಟ್ಟಿ ಇತ್ತು. ಜೀಪು ಅಲ್ಲ, ಲಾರಿಯೇ ಹೋಗ್ಬಹುದಿತ್ತು."

ಒಳಗಿನಿಂದ ಅಮ್ಮ ಕಾಫಿ ತಂದವಳು ಲೋಟ ಹಿಡಿದುಕೊಂಡು ನಿಂತೇ ಇದ್ದಳು. ತಪ್ಪು ಮಾಡಿ ಸೇತುವೆ ಬೀಳಿಸಿದವರ ಕಥೆ ಕೇಳಿದ್ದೆ. ಗಟ್ಟಿಯಾದುದನ್ನು ಗಟ್ಟಿಯಿಲ್ಲ ಎಂದು ಹೇಳಿ ಮನೆ ಬೀಳಿಸಿಕೊಂಡವರನ್ನು ನೋಡಿದ್ದು ಅದೇ ಮೊದಲು. ನ್ಯಾಯ ತಪ್ಪಬಾರದೆಂದು ಒಂದೇ ಜಲ್ಲಿ ಇಟ್ಟುಕೊಂಡ ಮನುಷ್ಯನಿಗೆ ದೇವರು ಹೀಗೆ ಮಾಡಬಾರದಿತ್ತು. ಇವತ್ತಿಗೂ ನನಗೆ ಆ ಸಿಟ್ಟು ಹೋಗಿಲ್ಲ.

ಅವರು ಇಲಾಖೆಗೆ ತಾನಾಗಿ ಹೋಗಿ ತಪ್ಪು ಹೇಳಿಕೊಂಡರು. ಮೇಲಿನವರು ಕೇಳಿ, "ಏರಿ ಬಿದ್ದಿಲ್ಲವಲ್ಲ, ಬಿಡಿ" ಎಂದು ಬೆನ್ನು ತಟ್ಟಿ ಕಳಿಸಿದರಂತೆ. ಬಿದ್ದರೆ ಮಾತ್ರ ತಪ್ಪು. ಉಳಿದದ್ದು ಮುಖ್ಯವಾದ ಜಾಗ, ಪೆರಾಬೆ. "ಮಾವನಿಗೆ ಹೇಳ್ಬೇಕು. ನನ್ನ ಮಾತು ನಂಬಿ ಜೀಪು ನಿಲ್ಲಿಸಿದ್ದು ಅವರು. ನೀವೂ ಬನ್ನಿ ಟೀಚರ್, ನಾನೊಬ್ಬನೇ ಹೋದ್ರೆ ಬಾಯಿ ಬಾರದು" ಎಂದರು. ಹೇಳದೆ ಇದ್ದರಾಗದೇ ಎಂದು ನಾನು ಕೇಳಿದೆ. ಅವರು ತಲೆಯಲ್ಲಾಡಿಸಿದರು. ಅವರಿಗೆ ಆ ವಿದ್ಯೆ ಗೊತ್ತಿರಲಿಲ್ಲ.

ಹೋದೆವು. ಬಸ್ಸು ಇಳಿದು, ಏರಿಯ ಮೇಲೆ ನಡೆದೇ ದಾಟಿದೆವು. ಮಾವ ಕಾಲಿಗೆ ನೀರು ಕೊಟ್ಟು, ಬೆಲ್ಲ ತಂದಿಟ್ಟು ಕೂರಿಸಿದರು. ಇವರು ನೆಲ ನೋಡುತ್ತಾ ಎಲ್ಲವನ್ನೂ ಹೇಳಿದರು. ಕುಟ್ಟಿದ್ದು, ಒಡೆದದ್ದು, ಹುಡಿಯಾದದ್ದು. ನನ್ನ ಗೆರೆಯ ಕಾಗದವನ್ನು ಚಾಪೆಯ ಮೇಲೆ ಹಾಸಿದರು. ಮುದುಕರು ಅದರ ಕಡೆಗೆ ಕಣ್ಣು ಹಾಯಿಸಲಿಲ್ಲ.

"ಏರಿ ಗಟ್ಟಿ ಇತ್ತು ಅಂತ ನೀವು ಹೇಳುದು?"

"ಹೌದು ಮಾವ."

"ಜೀಪು ಅಂಗಳಕ್ಕೆ ಬರ್ಬಹುದಿತ್ತು?"

"ಬರ್ಬಹುದಿತ್ತು."

ಮುದುಕರು ಬೆಲ್ಲದ ತಟ್ಟೆಯನ್ನು ಅಳಿಯನ ಹತ್ತಿರಕ್ಕೆ ಸರಿಸಿದರು. ಆಮೇಲೆ, ಮಗುವಿಗೆ ಹೇಳುವ ಹಾಗೆ ಮೆಲ್ಲನೆ, "ಇಲ್ಲ ಅಳಿಯಂದಿರೇ, ಗಟ್ಟಿ ಇರ್ಲಿಲ್ಲ" ಎಂದರು. "ಆ ದಿನ ನಾನು ಅದರ ಮೇಲೆ ಓಡಿದವ. ನನ್ನ ಕಾಲಿಗೆ ಗೊತ್ತುಂಟು. ನೀವು ಮೊದಲು ಹೇಳಿದ್ದೇ ಸರಿ. ಈಗಿನದ್ದು ನಿಮ್ಮ ದುಃಖದ ಲೆಕ್ಕ. ಡ್ರೈವರಿನ ಕೈ ಹಿಡಿದದ್ದು ನಾನು. ಗಟ್ಟಿ ಇರ್ಲಿಲ್ಲ. ಇರ್ಲಿಲ್ಲ ಅಂತ ಹೇಳಿ."

ಜಲ್ಲಿ ಮಾಷ್ಟ್ರು ತಲೆಯೆತ್ತಿ ಅವರ ಮುಖ ನೋಡಿದರು. ಬೆರಳುಗಳ ಉಜ್ಜಾಟ ನಿಂತಿತು. ತಾನು ಹೊತ್ತು ತಂದ ಸತ್ಯವನ್ನು ಯಾರ ತಲೆಯ ಮೇಲೆ ಇಳಿಸುತ್ತಿದ್ದೇನೆ ಎಂದು ಅವರಿಗೆ ತಿಳಿದದ್ದು ಆ ಗಳಿಗೆಯಲ್ಲಿ. ಕಾಗದವನ್ನು ಮಡಚಿ ಕಿಸೆಯಲ್ಲಿಟ್ಟುಕೊಂಡು, "ಇನ್ನೊಮ್ಮೆ ನೋಡ್ತೇನೆ ಮಾವ. ನನ್ನದೇ ತಪ್ಪಿರ್ಬೇಕು" ಎಂದರು. ಅವರ ಬಾಯಲ್ಲಿ ನಾನು ಕೇಳಿದ ಮೊದಲ ಸುಳ್ಳು ಅದು. ವಾಪಸು ಬರುವಾಗ ನಾನು ಸೆರಗಿನಲ್ಲಿ ಮುಖ ಮುಚ್ಚಿಕೊಂಡಿದ್ದೆ.

ಅವರು ಮತ್ತೆ ಮದುವೆಯಾಗಲಿಲ್ಲ. ರೈಲು ದಾರಿಯ ಕೆಲಸ ಶುರುವಾದಾಗ ಅದಕ್ಕೆ ಸೇರಿಕೊಂಡರು. ಒಮ್ಮೆ ಕುಟ್ಟಿದ ಜಲ್ಲಿಯನ್ನು ಎರಡನೆಯ ಸಲ ಅಚ್ಚಿಗೆ ಹಾಕಿದರೆ ಕೆಲಸದವರ ಮೇಲೆ ರೇಗುತ್ತಿದ್ದರಂತೆ. ಬೇರೆ ಯಾವುದಕ್ಕೂ ರೇಗದ ಮನುಷ್ಯ. ಅವರ ಲೆಕ್ಕ ಕೊನೆಗೂ ಕೂಡಿಬಂತು. ನಮ್ಮ ಮುರದ ಏರಿಗಳು ಎಷ್ಟು ಹೊರುತ್ತವೆಂದು ಅವರು ಕೂತಲ್ಲೇ ಹೇಳುತ್ತಿದ್ದರು ಎಂದು ಜೊತೆಯವರು ಹೇಳಿದ್ದಾರೆ. ನನ್ನೊಡನೆ ಅದರ ಮಾತೆತ್ತಲಿಲ್ಲ. ಪುತ್ತೂರಿಗೆ ಬಂದರೆ ಮಲ್ಲಿಗೆ ಗಿಡ ನೋಡಿ, ಅಮ್ಮನನ್ನು ಮಾತಾಡಿಸಿ ಹೋಗುತ್ತಿದ್ದರು.

ಕೊನೆಯ ಸಲ ಅವರನ್ನು ಕಂಡದ್ದು ಅರವತ್ತರ ದಶಕ ಮುಗಿಯುತ್ತಿದ್ದಾಗ, ಒಂದು ಎಪ್ರಿಲಿನಲ್ಲಿ. ಪೆರಾಬೆಯ ಆ ಮನೆಯಲ್ಲಿ ಅವಳ ತಂಗಿಯ ಮದುವೆ. ನನಗೂ ಹೇಳಿಕೆಯಿತ್ತು. ಆಲಂಕಾರಿನಲ್ಲಿ ಬಸ್ಸು ಹತ್ತಿದರೆ ಮಾಷ್ಟ್ರೂ ಅವರ ಮಾವನೂ ಒಂದೇ ಸೀಟಿನಲ್ಲಿದ್ದರು. ಮುದುಕರು ಪೇಟೆಯಿಂದ ಬಾಳೆಎಲೆಯ ಕಟ್ಟು ತರುತ್ತಿದ್ದರು. ಕೊಡೆ ಬಿಚ್ಚಬೇಕಾದ ಬಿಸಿಲು. ಕಿಟಕಿಯ ಹೊರಗೆಲ್ಲ ಕೆಂಪು ಧೂಳು.

ಏರಿ ಬಂದಲ್ಲಿ ಬಸ್ಸು ತಾನಾಗಿ ನಿಂತಿತು. ಮುದುಕರು ಎದ್ದರು. ಆ ಏರಿಯನ್ನು ಅವರು ಗಾಡಿಯಲ್ಲಿ ಕೂತು ದಾಟುವುದೇ ಇಲ್ಲವೆಂದು, ಆಚೆ ಬದಿಗೆ ನಡೆದು ಬಂದು ಮತ್ತೆ ಹತ್ತುತ್ತಾರೆಂದು ಕಂಡಕ್ಟರ್ ನನಗೆ ಹೇಳಿದ. ಅಷ್ಟರಲ್ಲಿ ಮಾಷ್ಟ್ರೂ ಎದ್ದರು.

"ನೀವು ಯಾಕೆ ಇಳಿಯುದು ಸಾರ್? ವರ್ಷಗಟ್ಟಲೆಯಿಂದ ಲಾರಿ ಹೋಗ್ತಾ ಉಂಟು. ಕಲ್ಲಿನ ಹಾಗೆ ಉಂಟಲ್ಲ ಏರಿ" ಎಂದ ಕಂಡಕ್ಟರ್.

ಅವರು ಇಳಿದು, ಬಾಳೆಎಲೆಯ ಕಟ್ಟನ್ನು ಮಾವನ ಕೈಯಿಂದ ತೆಗೆದುಕೊಂಡು, ಕೊಡೆಯನ್ನು ಅವರ ತಲೆಗೆ ಹಿಡಿದರು. ಬಸ್ಸು ಅವರನ್ನು ದಾಟುವಾಗ ಎದ್ದ ಧೂಳಿನಲ್ಲಿ ಇಬ್ಬರೂ ಮುಳುಗಿಹೋದರು. ನಾನು ಆಚೆ ಬದಿಯಲ್ಲಿ ಇಳಿದು ಬಾಗಿಲ ಹತ್ತಿರ ನಿಂತೆ. ಅವರು ಹತ್ತಿರ ಬರುತ್ತಿದ್ದಂತೆ ಮುದುಕರ ಮಾತು ಕೇಳಿಸಿತು.

"ಮೆಲ್ಲ ಬನ್ನಿ ಅಳಿಯಂದಿರೇ. ಬದಿಗೆ ಹೋಗ್ಬೇಡಿ. ಹಸಿ ಉಂಟು."

ಕಾಲ ಕೆಳಗಿನ ನೆಲ ಒಣಗಿ ಬಿರಿದಿತ್ತು. ಆ ಏರಿಯ ಬಲವನ್ನು ಲೋಕದಲ್ಲಿ ಎಲ್ಲರಿಗಿಂತ ಚೆನ್ನಾಗಿ ಬಲ್ಲ ಮನುಷ್ಯ ಒಂದು ಹೆಜ್ಜೆ ಒಳಗೆ ಸರಿದು, ಮಾವನ ತೋಳು ಹಿಡಿದುಕೊಂಡು ಹೇಳಿದರು:

"ಹೌದು ಮಾವ. ಹಸಿ ಉಂಟು."